ಡೆನಿಸ್ ಜೆಂಕಿನ್ಸನ್ ಸ್ಮರಣೆಗೆ ಸುರುಳಿ ಪೆಟ್ಟಿಗಿ: ಅಳತಿ ಏನು, ಬೋರ್ಡಿಗೆ ಏನು ಬರೀಬೇಕು?

ಟಿಳಕವಾಡಿ ಗೇರ್
ನವೆಂಬರ್ 29ಕ್ಕ ಡೆನಿಸ್ ಜೆಂಕಿನ್ಸನ್ ಸ್ಮರಣೆ ಇಟ್ಟೀವಿ. ಮೋಟರ್ ಸ್ಪೋರ್ಟ್ ಪತ್ರಿಕೆಗೆ ‘ಡಿ.ಎಸ್.ಜೆ.’ ಅಂತ ಬರೀತಿದ್ದ, 1996ರಾಗ ತೀರಿಕೊಂಡ ಜೆಂಕ್ಸ್. ಬೆಳಗಾವ್ಯಾಗ ಹಳೇ ಗಾಡಿ ಇರೋರು ಸೇರಿ ಒಂದು ಸಣ್ಣ ಪ್ರದರ್ಶನ, ಮುಂದಿನ ರವಿವಾರ ಜಾಂಬೋಟಿ–ಕಣಕುಂಬಿ–ಚೋರ್ಲಾ ಹಾದಿಗೆ ಟಿಎಸ್‌ಡಿ ರ‍್ಯಾಲಿ (ಟೈಮ್-ಸ್ಪೀಡ್-ಡಿಸ್ಟನ್ಸ್: ಕೊಟ್ಟ ಸರಾಸರಿ ವೇಗಕ್ಕ ಸರಿಯಾಗಿ ಹೋಗೋದು). ಫೋಟೋಕ್ಕ ಹಾರ ಹಾಕಿ ಭಾಷಣ ಮಾಡಿದ್ರ ಸಾಲಂಗಿಲ್ಲ. 1955ರ ಮಿಲ್ಲೆ ಮಿಲ್ಯಾ ಅನ್ನೋ ಇಟಲಿಯ ರಸ್ತೆ ರೇಸಿನಾಗ ನ್ಯಾವಿಗೇಟರ್ ಆಗಿದ್ದ ಅವರ ಕೈಯಾಗಿದ್ದಂಥ ಸುರುಳಿ ಪೆಟ್ಟಿಗಿ (ಹಾದಿಯ ಟಿಪ್ಪಣಿ ಬರೆದ ಕಾಗದದ ಸುರುಳೀನ್ನ ಎರಡು ರಾಡಿಗೆ ಸುತ್ತಿ, ಮ್ಯಾಲಿನ ಕಿಟಕಿಯಿಂದ ಓದೋದು) ಮಾಡಿ, ರ‍್ಯಾಲಿಯೊಳಗೂ ಬಳಸಬೇಕಂತ ಐತಿ. ಅಳತಿ ಹೆಂಗ ಹಿಡೀಬೇಕು? ಬೋರ್ಡಿನ ಮ್ಯಾಲ ಏನೇನು ಇರಬೇಕು?

ಉದ್ಯಮಬಾಗ್ ಲೇಥ್
ಮೊದಲು ಕಾಗದದ ಲೆಕ್ಕ ಹಾಕ್ರಿ. ಅವರ ಸುರುಳಿ ಸುಮಾರು 18 ಅಡಿ, ಅಂದ್ರ 5.5 ಮೀಟರ್. 80 ಜಿಎಸ್‌ಎಂ ಕಾಗದದ ದಪ್ಪ 0.1 ಮಿ.ಮೀ. ಹಿಡಿದ್ರ, 12 ಮಿ.ಮೀ. ರಾಡಿಗೆ ಬಿಗಿಯಾಗಿ ಸುತ್ತಿದ ರೋಲಿನ ಹೊರವ್ಯಾಸ 29 ಮಿ.ಮೀ. ಬರತೈತಿ. ಕೈಲೆ ಸುತ್ತಿದ್ದು ಅಷ್ಟು ಬಿಗಿ ಕೂಡಂಗಿಲ್ಲ, 36 ಅಂತ ತಿಳೀರಿ. ರಾಡಿನ ಎರಡೂ ತುದಿಗೆ 40 ಮಿ.ಮೀ. ವಾಶರ್, ಪೆಟ್ಟಿಗಿ ಒಳ ಆಳ 48, ಎರಡು ರಾಡಿನ ನಡುವ 130. ಶೀಟು 1.5 ಮಿ.ಮೀ. ಅಲ್ಯೂಮಿನಿಯಂ ಸಾಕು.

ಬಿಲ್ ಮಷಿನಿನ ಥರ್ಮಲ್ ರೋಲ್ ಹಾಕಬ್ಯಾಡ್ರಿ. ಅಗ್ಗ ಖರೆ, ಆದ್ರ ಬಿಸಿಲಾಗ ನಿಂತ ಗಾಡಿಯೊಳಗ ಕರ್ರಗಾಗತೈತಿ. ಎ4 ಹಾಳಿ ಅಂಟಿಸಿದ್ರ ಜೋಡಿನ ಹತ್ರ ಉಬ್ಬಿ ಸಿಕ್ಕೊಂತೈತಿ. ದೊಡ್ಡ ನಕಾಶೆ ಮುದ್ರಿಸೋ ಪ್ಲಾಟರ್ ರೋಲಿನಿಂದ 100 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿಸ್ರಿ. ಅಂಚು ಸಮಾಂತರ ಇರಲಿಲ್ಲಂದ್ರ ಕಾಗದ ಒಂದು ಬದಿಗೆ ಸರಕೋತ ಹೋಗಿ ವಾಶರಿಗೆ ತಿಕ್ಕಿ ಹರೀತೈತಿ. ರೋಲ್ ತೆಳ್ಳಗಾದಂಗ ಕಾಗದ ಕಿಟಕಿಯಿಂದ ಕೆಳಗ ಇಳೀತೈತಿ, ಅದಕ್ಕ ಕಿಟಕಿಯ ಎರಡೂ ಅಂಚಿನ ಕೆಳಗ 6 ಮಿ.ಮೀ. ರಾಡು ಹಾಕಿ ಅದರ ಮ್ಯಾಲಿಂದ ಹಾಯಿಸ್ರಿ.

ನಾಬಿನ ಕೆಳಗ ಫೆಲ್ಟ್ ವಾಶರ್, ಸ್ಪ್ರಿಂಗ್ ವಾಶರ್, ಮ್ಯಾಲ ನೈಲಾಕ್ ನಟ್ (ಒಳಗ ನೈಲಾನ್ ಬಳಿ ಇರೋ, ಸಡಲಾಗದ ನಟ್). ಸಾದಾ ನಟ್ ಗಾಡಿ ನಡುಕಕ್ಕ ಸಡಲಾಗಿ ಸುರುಳಿ ತಾನಾಗೇ ಬಿಚ್ಚತೈತಿ. ಆಮ್ಯಾಲ ದಾಟಿ ಬಂದ ತಿರುವೇ ಮತ್ತ ಕಣ್ಣಮುಂದ!

ಹಳೆ ಸಂಚಿಕೆ
ಬೋರ್ಡಿನ ವಿಷಯ. 1955ರ ಮೇ 1, ಬ್ರೆಶಾದಿಂದ ರೋಮ್‌ಗೆ ಹೋಗಿ ಮರಳಿ ಬ್ರೆಶಾ, ಸುಮಾರು 1,597 ಕಿ.ಮೀ. ಸ್ಟರ್ಲಿಂಗ್ ಮಾಸ್ ಚಾಲಕ, ಗಾಡಿ ಮರ್ಸಿಡಿಸ್ 300 ಎಸ್‌ಎಲ್‌ಆರ್. ಬೆಳಿಗ್ಗೆ 7:22ಕ್ಕೆ ಹೊರಟಿದ್ದರಿಂದ ಗಾಡಿ ಸಂಖ್ಯೆ 722. ಹಿಡಿದ ಸಮಯ 10 ಗಂಟೆ 7 ನಿಮಿಷ 48 ಸೆಕೆಂಡ್, ಸರಾಸರಿ ವೇಗ ಗಂಟೆಗೆ 157 ಕಿ.ಮೀ.ಗೂ ಮಿಕ್ಕಿ. ಇನ್ನೊಂದು ಗಾಡಿಯನ್ನು ಒಬ್ಬರೇ ಓಡಿಸಿದ ಫ್ಯಾಂಜಿಯೊ ಎರಡನೆಯವರು, ಅರ್ಧ ಗಂಟೆಗೂ ಹೆಚ್ಚು ಹಿಂದೆ.

ಜೆಂಕ್ಸ್ ‘ಪೇಸ್ ನೋಟ್ಸ್ (ಚಾಲಕನಿಗೆ ಮುಂದಿನ ಹಾದಿ ತಿಳಿಸುವ ಟಿಪ್ಪಣಿ) ಕಂಡುಹಿಡಿದವರು’ ಎಂದು ಮಾತ್ರ ಬರೆಯಬೇಡಿ. ಈ ಸುರುಳಿಯ ಯೋಚನೆಯಲ್ಲಿ ಅಮೆರಿಕದ ಚಾಲಕ ಜಾನ್ ಫಿಚ್ ಅವರ ಪಾಲೂ ಇದೆ. ಪೆಟ್ಟಿಗೆ ಮಾಡಿಸಿದ್ದು ಮಾಸ್. ತೆರೆದ ಗಾಡಿಯ ಗದ್ದಲದಲ್ಲಿ ಮಾತು ಕೇಳಿಸದು, ಹಾಗಾಗಿ ಎಲ್ಲವೂ ಕೈಸನ್ನೆ. ಜೆಂಕ್ಸ್ ಅದಕ್ಕೆ ತಕ್ಕ ಮನುಷ್ಯ: 1949ರಲ್ಲೇ ಎರಿಕ್ ಆಲಿವರ್ ಜೊತೆ ಸೈಡ್‌ಕಾರ್ ವಿಶ್ವ ಚಾಂಪಿಯನ್.

1955ರ ಜೂನ್ ಸಂಚಿಕೆಯ ಅವರ ವರದಿಯನ್ನು ಇಂದಿಗೂ ಓದುವುದು ಗೆಲುವಿಗಾಗಿ ಅಲ್ಲ. ವಾಂತಿ ಮಾಡಲು ಹೊರಗೆ ಬಾಗಿದಾಗ ಗಾಳಿಗೆ ಕನ್ನಡಕ ಹಾರಿಹೋಗಿದ್ದನ್ನೂ, ಬದಲಿ ಕನ್ನಡಕ ಇಟ್ಟುಕೊಂಡಿದ್ದನ್ನೂ ಗಾಡಿಯ ವರ್ತನೆಯಷ್ಟೇ ಶಾಂತವಾಗಿ ದಾಖಲಿಸಿದರು. ಬೋರ್ಡಿನಲ್ಲಿ ಅದಕ್ಕೂ ಒಂದು ಸಾಲು ಕೊಡಿ. ನಿಮ್ಮ ನ್ಯಾವಿಗೇಟರುಗಳಿಗೂ ಬದಲಿ ಕನ್ನಡಕ ಇರಲಿ. ಘಾಟಿನಲ್ಲಿ ತಲೆ ತಗ್ಗಿಸಿ ಓದಿದರೆ ಹೊಟ್ಟೆ ತೊಳಸುವುದು ಖಂಡಿತ.

ಟ್ರಿಪ್‌ಮೀಟರ್
ಟಿಪ್ಪಣಿ ಬರೆಯೋದು ಹೇಳ್ತೀನಿ. ಸಾಲಿಗೆ 20 ಮಿ.ಮೀ. ಕೊಟ್ರ 5.5 ಮೀಟರಿನಾಗ 275 ಸಾಲು. 55 ಕಿ.ಮೀ. ಹಾದಿಗೆ ಸರಾಸರಿ 200 ಮೀಟರಿಗೊಂದು, ಸಾಕು. ಆದ್ರ ಸಮನಾಗಿ ಹಂಚಬ್ಯಾಡ್ರಿ: ಜಾಂಬೋಟಿ ತನಕ ಕಡಿಮಿ, ಘಾಟಿಗೆ ಉಳಿಸ್ರಿ. ಕ್ರಮ ಒಂದೇ ಇರಲಿ: ದೂರ, ದಿಕ್ಕು, ತಿರುವಿನ ದರ್ಜೆ, ಅಪಾಯ. ಜೆಂಕ್ಸ್ ತಿರುವಿಗೆ ಮೂರೇ ದರ್ಜೆ ಇಟ್ಟಿದ್ರು. ಅದಕ್ಕಿಂತ ಹೆಚ್ಚು ಇಟ್ರ ಹೊಸಬರಿಗೆ ಗೊಂದಲ. ‘ಎಡ’, ‘ಬಲ’ ಎರಡೂ ನಡುವ ಬರೆದ್ರ ಕುಲುಕೋ ಗಾಡ್ಯಾಗ ಒಂದೇ ಥರ ಕಾಣತಾವ. ಎಡ ತಿರುವು ಕಾಗದದ ಎಡ ಅಂಚಿಗೆ, ಬಲದ್ದು ಬಲ ಅಂಚಿಗೆ ಬರೀರಿ.

ಅವರು ಕಿಲೋಮೀಟರ್ ಕಲ್ಲು ನೋಡಿ ಜಾಗ ಗುರುತಿಸ್ತಿದ್ರು. ನೀವು ಬರೇ ಕಲ್ಲು ನಂಬಬ್ಯಾಡ್ರಿ, ಗೋವಾ ಗಡಿ ದಾಟಿದ ಮ್ಯಾಲ ಲೆಕ್ಕ ಬದಲಾಗಬಹುದು. ಅಳೆದಿಟ್ಟ 10 ಕಿ.ಮೀ. ಹಾದ್ಯಾಗ ನಿಮ್ಮ ಮೀಟರು 10.25 ತೋರಿಸಿದ್ರ, ಓದಿದ ದೂರಾನ್ನ 0.976ರಿಂದ ಗುಣಿಸ್ರಿ. ಟೈರ್ ಗಾಳಿ ಕಡಿಮಿ ಇದ್ರ ಮೀಟರು ಹೆಚ್ಚು ತೋರಿಸತೈತಿ, ಅದಕ್ಕ ಅಳೆಯೋ ಮುಂಚೆ ಗಾಳಿ ಸರಿ ಮಾಡ್ಕೊಳ್ರಿ. 36 ಕಿ.ಮೀ. ಸರಾಸರಿಗೆ ಕಿಲೋಮೀಟರಿಗೆ 100 ಸೆಕೆಂಡ್, 40ಕ್ಕ 90.

ಸಾರ್ವಜನಿಕ ರಸ್ತೆ, ಸರಾಸರಿ ಸಣ್ಣದ ಇಡ್ರಿ. ಸರ್ಕಾರದ ಲಿಖಿತ ಒಪ್ಪಿಗಿ ಇಲ್ಲದ ವೇಗದ ಪೈಪೋಟಿ ಮಾಡಿದ್ರ ಮೋಟಾರು ವಾಹನ ಕಾಯ್ದೆ 189ನೇ ಕಲಂ ಬೀಳತೈತಿ.

ಟಿಳಕವಾಡಿ ಗೇರ್
ಕಣಕುಂಬಿ ಕಡೆ ಬೆಳಿಗ್ಗೆ ಮಂಜು ಇದ್ರ ಪೆಟ್ಟಿಗಿ ಕಿಟಕಿ ಒಳಗಿಂದ ಮಬ್ಬಾಗಂಗಿಲ್ಲೇನು?

ಉದ್ಯಮಬಾಗ್ ಲೇಥ್
ಆಗತೈತಿ. 3 ಮಿ.ಮೀ. ಅಕ್ರಿಲಿಕ್ ಹಾಕಿ ಸುತ್ತ ಟೇಪ್ ಹಚ್ಚರಿ, ಮಾಸ್ ಪೆಟ್ಟಿಗಿಗೂ ಮಳಿಗಂತ ಸೆಲ್ಲೋಟೇಪ್ ಹಚ್ಚಿದ್ರು. ಟೇಪ್ ಹಚ್ಚೋದು ಒಣ ಮಧ್ಯಾಹ್ನದಾಗ, ಒಳಗ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಇಟ್ಟು. ಬರೆಯಾಕ ಜೆಲ್ ಪೆನ್ ಬ್ಯಾಡ, ತೇವಕ್ಕ ಹರಡತೈತಿ. 2ಬಿ ಪೆನ್ಸಿಲ್ ಉಪಯೋಗಿಸ್ರಿ.