ಹಿರಿಯ ಕಲಾವಿದರ ಉತ್ಸವಕ್ಕ ತಯಾರಿ ಹೆಂಗ?

ಪ್ರಶ್ನೆ: ಗದಗದಾಗ 70 ದಾಟಿದ ಕಲಾವಿದರಿಗಂತ ಒಂದು ದಿನದ ಉತ್ಸವ ಮಾಡೋರದೀವಿ. ಇಬ್ಬರು ಹಿಂದೂಸ್ತಾನಿ ಗಾಯಕರು, ಒಂದು ಗೀಗೀ ಮೇಳ. ಯಾರನ್ನ ಯಾವಾಗ ಇಡೂದು? ಸ್ಟೇಜ್, ಮೈಕ್ ಹೆಂಗಿರಬೇಕು?

ಉತ್ತರ 1: ಗಾಯಕರನ್ನ ಮುಂಜಾನೆ ಇಡ್ರಿ. ರಾತ್ರಿ ಹತ್ತಕ್ಕ ದನಿ ದಣಿದಿರ್ತದ. ಮುಂಜಾನೆ ಆದ್ರ ತೋಡಿ, ಭೈರವದಂಥ ಮುಂಜಾನಿ ರಾಗನೂ ಕೇಳಾಕ ಸಿಗ್ತಾವ. ಹಳೇ ರೆಕಾರ್ಡ್ ಕೇಳಿ ಶ್ರುತಿ ಗೊತ್ತು ಮಾಡಬ್ಯಾಡ್ರಿ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ದನಿಗೂ ಮುಂದಿನ ದನಿಗೂ ಎಷ್ಟು ಫರಕದ! ವಯಸ್ಸಾದಂಗ ಶ್ರುತಿ ಬಿಳಿ ಎರಡು (ಹಾರ್ಮೋನಿಯಂದ ಎರಡನೇ ಬಿಳಿ ಪಟ್ಟಿ) ಇದ್ದದ್ದು ಬಿಳಿ ಒಂದಕ್ಕ ಇಳಿದಿರಬಹುದು. ಒಂದು ತಬಲಾ ಅರ್ಧ ಸ್ವರದಷ್ಟ ಏರಿಳೀತದ, ಅದಕ್ಕ ಬ್ಯಾರೆ ಬ್ಯಾರೆ ಶ್ರುತಿಯ ಎರಡು ತರಸ್ರಿ. ತಂಬೂರಿಗೆ ಫ್ಯಾನಿನ ಗಾಳಿ ನೇರ ಬಡದ್ರ ಶ್ರುತಿ ನಿಲ್ಲೂದಿಲ್ಲ.

ಉತ್ತರ 2: ಬರೇ ಜಮಖಾನ ಹಾಸಿದ್ರ ಮೊಣಕಾಲು ನೋವಿನವರಿಗೆ ಏಳಾಕ ಆಗೂದಿಲ್ಲ. ಒಂದೂವರಿ ಅಡಿ ಎತ್ತರದ ಗಟ್ಟಿ ಚೌಕಿ ಇದ್ರ ಕಾಲು ಇಳಿಬಿಡಬಹುದು. ತಬಲಾ, ಹಾರ್ಮೋನಿಯಂದವರೂ ಅದ ಎತ್ತರಕ್ಕ ಇರಲಿ, ಕಣ್ಣು ಕೂಡದಿದ್ರ ಸಮ್ (ತಾಳದ ಮೊದಲ ಪೆಟ್ಟು) ತಪ್ಪತದ. ಮೆಟ್ಟಿಲು 6 ಇಂಚಿಗಿಂತ ಎತ್ತರ ಬ್ಯಾಡ, ಹಿಡಕೊಳ್ಳಾಕ ಕಂಬಿ ಬೇಕ ಬೇಕು.

ಗೀಗೀ ಮೇಳದಾಗ ಚರ್ಮದ ವಾದ್ಯ ದಪ್ಪಿಗೆ ಮೈಕ್ ಕೊಟ್ರ ಒಂಟಿ ತಂತಿಯ ತುಂತುಣಿ ಮುಳುಗ್ತದ. ತುಂತುಣಿಗೆ ಒಂದು, ಹಾಡೋರಿಗೆ ಒಂದು ಕೊಡ್ರಿ. ದಪ್ಪು ತಾನ ಕೇಳಸ್ತದ.

ಉತ್ತರ 3: ಸನ್ಮಾನ ಕಡೀಕ ಇಡಬ್ಯಾಡ್ರಿ. ಹಾಡು ಮುಗಿದ ಕೂಡಲೆ ಶಾಲು, ಸಂಭಾವನಿ ಕೊಟ್ಟು ಗಾಡಿಯಾಗ ಮನಿ ಮುಟ್ಟಸ್ರಿ. ಭಾಷಣದವರು ಆಮ್ಯಾಲೆ ಎಷ್ಟರ ಮಾತಾಡ್ಲಿ. ಮತ್ತ ಶೌಚಾಲಯ ಸ್ಟೇಜಿನ ಹಿಂದನ ಇರೋ ಹಾಲ್ ನೋಡ್ರಿ.