ಹೊಸ ಮಾನಿಟರ್‌ನಲ್ಲಿ ಮೌಸ್ ಬಾಣ ಕುಂಟುತ್ತಿದೆ, ಯಾಕೆ?

ಪ್ರಶ್ನೆ:
ಹೋದ ವಾರ 27 ಇಂಚಿನ 4ಕೆ (3840×2160 ಚುಕ್ಕೆಗಳ) ಮಾನಿಟರ್ ತಂದೆ. ಲ್ಯಾಪ್‌ಟಾಪ್‌ಗೆ ಎಂಟು ವರ್ಷ. ಎಚ್‌ಡಿಎಂಐ ಕೇಬಲ್ ಚುಚ್ಚಿದ ತಕ್ಷಣ ಚಿತ್ರ ಬಂತು, ಖುಷಿಯಾಯಿತು. ಆದರೆ ಮೌಸ್ ಬಾಣ ಕುಂಟುತ್ತದೆ. ಎಕ್ಸೆಲ್‌ನಲ್ಲಿ ಸ್ಕ್ರೋಲ್ ಮಾಡಿದರೆ ತಲೆ ಸುತ್ತುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಈ ತೊಂದರೆ ಇಲ್ಲ. ಮನೆಯಲ್ಲಿ ಆಗಲೇ "ಇದು ಬೇಕಿತ್ತಾ?" ಶುರುವಾಗಿದೆ.

ಉತ್ತರ 1:
ವಿಂಡೋಸ್ ತಾನೇ ಸರ್? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತೆ ಅನ್ನೋದು, ಎಷ್ಟು ಹರ್ಟ್ಜ್ ಇದೆ ನೋಡಿ.

ಪ್ರಶ್ನೆ ಕೇಳಿದವರು:
30 ಹರ್ಟ್ಜ್. 60 ಅನ್ನೋ ಆಯ್ಕೆಯೇ ಇಲ್ಲ. ಒಳ್ಳೆ ಕೇಬಲ್ ತರಲಾ?

ಉತ್ತರ 2:
ಸುಮ್ನೆ ದುಡ್ಡು ಕಳೀಬೇಡಿ. ನಿಮ್ಮದು ಎಚ್‌ಡಿಎಂಐ 1.4 ಪೋರ್ಟ್ ಇರಬೇಕು. ಅದರಲ್ಲಿ 4ಕೆಗೆ 30 ಹರ್ಟ್ಜೇ ಗರಿಷ್ಠ. 60 ಬೇಕಂದ್ರೆ 2.0 ಪೋರ್ಟ್ ಬೇಕು. ಕೇಬಲ್ ಎಷ್ಟೇ ದುಬಾರಿಯಾದರೂ ಪೋರ್ಟ್ ಬದಲಾಗಲ್ಲ ಅಲ್ವಾ? (ನಾನು ಎರಡು ಕೇಬಲ್ ಕೊಂಡ ಮೇಲೆ ಕಲಿತಿದ್ದು.) ಯುಎಸ್‌ಬಿ-ಸಿ ಪೋರ್ಟ್ ಇದ್ದು, ಪಕ್ಕದಲ್ಲಿ ಡಿಪಿ (ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ತರಹದ್ದೇ ಇನ್ನೊಂದು ಚಿತ್ರದ ಪೋರ್ಟ್) ಗುರುತಿದ್ದರೆ ಅಲ್ಲಿಂದ ಮಾನಿಟರಿನ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ಕೇಬಲ್ ಹಾಕಿ. ಎಲ್ಲ ಸಿ ಪೋರ್ಟ್‌ಗಳೂ ಚಿತ್ರ ಕಳಿಸಲ್ಲ, ಮ್ಯಾನ್ಯುಯಲ್ ನೋಡಿಯೇ ಕೊಳ್ಳಿ. ಅಲ್ಲಿಯವರೆಗೆ ರೆಸಲ್ಯೂಷನ್ (ಚುಕ್ಕೆಗಳ ಲೆಕ್ಕ) 2560×1440ಕ್ಕೆ ಇಳಿಸಿ ನೋಡಿ, 60 ಸಿಗಬಹುದು. ಅಕ್ಷರ ಸ್ವಲ್ಪ ಮಸುಕು.

ಪ್ರಶ್ನೆ ಕೇಳಿದವರು:
ಇಳಿಸಿದೆ, ಬಾಣ ಬೆಣ್ಣೆ ಹಾಗೆ ಓಡುತ್ತಿದೆ! ಮಸುಕು ನನ್ನ ಕನ್ನಡಕಕ್ಕೆ ಗೊತ್ತಾಗುತ್ತಿಲ್ಲ. ಇನ್ನೊಂದು, ಲ್ಯಾಪ್‌ಟಾಪ್ ಮುಚ್ಚಿದರೆ ಎರಡೂ ಆರಿಹೋಗುತ್ತವೆ.

ಉತ್ತರ 1:
ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಮುಚ್ಚಳ ಮುಚ್ಚಿದಾಗ 'ಡು ನಥಿಂಗ್'. ಚಾರ್ಜರ್ ಹಾಕಿರುವಾಗ ಮಾತ್ರ ಇಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ಆರದೆ ಬ್ಯಾಗಿನಲ್ಲೇ ಬಿಸಿಯಾಗಿ ಕೂತಿರುತ್ತದೆ.