ನೂರರ ಒಳಗೆ, ನೂರರ ಹೊರಗೆ

ಅತ್ತೆ (ಮನೆಯ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್): ವಿದೇಶಕ್ಕೆ ಮಕ್ಕಳನ್ನು ಕಳಿಸುವವರು ತಪ್ಪದೇ ಓದಿ!! ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ 100ರೊಳಗೆ ಇಲ್ಲದ ವಿಶ್ವವಿದ್ಯಾಲಯದಲ್ಲಿ ಓದಿದವರಿಗೆ ಇನ್ನು ಮುಂದೆ ಯುರೋಪಿನಲ್ಲಿ ಉಳಿಯಲು ವೀಸಾ ಇಲ್ಲ, ಕೆಲಸವೂ ಇಲ್ಲ. ಎಷ್ಟೋ ಮಕ್ಕಳ ಭವಿಷ್ಯ ಹಾಳಾಗಿದೆ. ನಿಮ್ಮವರಿಗೆಲ್ಲ ಕಳಿಸಿ, ಒಂದು ಮಗುವಿನ ಬದುಕು ಉಳಿಸಿ.

ಅತ್ತೆ: ಪುಟ್ಟಿಯ ಅಪ್ಪ ಅಮ್ಮ ಇಬ್ಬರೂ ನೋಡಿ. ಓದಿ ಎದೆ ಝಲ್ ಅಂದಿತು.

ದೊಡ್ಡಪ್ಪ: ಒಳ್ಳೆಯ ಮಾಹಿತಿ. ಎಲ್ಲರೂ ಗಮನಿಸಿ.

ಚಿಕ್ಕಪ್ಪ: ಅಕ್ಕ, ಇದರ ಮೂಲ ಎಲ್ಲಿ? ಯಾವ ದೇಶದ ನಿಯಮ? ಯಾವ ರ‍್ಯಾಂಕಿಂಗ್? ಯಾವ ತಾರೀಖಿನಿಂದ? ಯುರೋಪಿನಲ್ಲಿ ಒಂದೊಂದು ದೇಶಕ್ಕೆ ಒಂದೊಂದು ನಿಯಮ ಇದೆ.

ಅತ್ತೆ: ನನಗೆ ಬಂತು, ಕಳಿಸಿದೆ. ಮಗುವಿನ ಬಗ್ಗೆ ಕಾಳಜಿ ಇದ್ದದ್ದಕ್ಕೆ ಕಳಿಸಿದೆ. ಅದೂ ತಪ್ಪಾ?

ಚಿಕ್ಕಪ್ಪ: ಓದಿ ಕಳಿಸು ಅಂದೆ ಅಷ್ಟೆ. ಮೇಲೆ ಬಾಣದ ಗುರುತು ಇದೆ ನೋಡು, ತುಂಬಾ ಸಲ ಕೈ ಬದಲಾಯಿಸಿ ಬಂದದ್ದು.

ಭಾವ: ಗುರುತು ಇರಲಿ ಚಿಕ್ಕ ಮಾವ, ವಿಷಯ ನಿಜವಾ ಸುಳ್ಳಾ ಅದು ಹೇಳಿ. ಪುಟ್ಟಿಗೆ ಎರಡು ಕಡೆ ಸೀಟು ಬಂದಿದೆ. ಒಂದು ಬ್ರಿಟನ್ನಿನ ದೊಡ್ಡ ಹೆಸರಿನದು, ನೂರರ ಒಳಗೆ. ಇನ್ನೊಂದು ನೆದರ್ಲೆಂಡ್ಸಿನ ವಾಗೆನಿಂಗೆನ್. ಈಗಷ್ಟೇ ಕ್ಯೂಎಸ್ ಅನ್ನುವ ವಿಶ್ವ ರ‍್ಯಾಂಕಿಂಗ್ ಪಟ್ಟಿ ತೆಗೆದು ನೋಡಿದೆ, ಅದು ನೂರರ ಹೊರಗಿದೆ. ಶುಕ್ರವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕು. ನನಗೆ ಕೈಕಾಲೇ ಆಡುತ್ತಿಲ್ಲ.

ದೊಡ್ಡಪ್ಪ: ಇದರಲ್ಲಿ ಯೋಚನೆ ಮಾಡುವುದು ಏನಿದೆ? ಹೆಸರು ಅನ್ನುವುದು ಸುಮ್ನೆ ಬರುವುದಿಲ್ಲ. ನೂರಾರು ವರ್ಷ ದುಡಿದು ಗಳಿಸಿರುತ್ತಾರೆ. ನಾಳೆ ಯಾರಾದರೂ ಎಲ್ಲಿ ಓದಿದೆ ಅಂತ ಕೇಳಿದಾಗ ಆ ಮಗು ಒಂದು ಹೆಸರು ಹೇಳಿದರೆ ಎದುರಿನವರಿಗೆ ಗೊತ್ತಾಗಬೇಕು, ವಿವರಿಸುತ್ತಾ ಕೂರುವ ಹಾಗಿರಬಾರದು. ಈಗಿನವರಿಗೆ ಎಲ್ಲದಕ್ಕೂ ತರ್ಕ ಬೇಕು. ಹಿರಿಯರು ಕಂಡದ್ದು ಬೇಡ.

ಚಿಕ್ಕಪ್ಪ: ಅಣ್ಣ, ಹೆಸರು ಬೇರೆ, ರ‍್ಯಾಂಕ್ ಬೇರೆ. ಕೊಲಂಬಿಯಾ ವಿವಿಗಿಂತ ದೊಡ್ಡ ಹೆಸರು ಬೇಕಾ? ಅಮೆರಿಕದ ವಿವಿಗಳಿಗೆ ಸ್ಥಾನ ಕೊಡುವ ಯುಎಸ್ ನ್ಯೂಸ್ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. ಅಲ್ಲಿನದೇ ಗಣಿತ ಪ್ರೊಫೆಸರ್ ಮೈಕೆಲ್ ಥ್ಯಾಡಿಯಸ್ 2022ರಲ್ಲಿ ಕೂತು ಲೆಕ್ಕ ಹಾಕಿ, ವಿವಿ ಕೊಟ್ಟ ಅಂಕಿಅಂಶ ಸರಿಯಿಲ್ಲ ಅಂತ ಬರೆದರು. ಅದೇ ವರ್ಷ 18ಕ್ಕೆ ಇಳಿಯಿತು. ತರಗತಿ ಅದೇ, ಮೇಷ್ಟ್ರು ಅದೇ, ಮಕ್ಕಳು ಅದೇ. ಒಂದು ವರ್ಷದಲ್ಲಿ 16 ಸ್ಥಾನ ಕೆಳಗೆ.

ಅತ್ತೆ: ಈಗ ಹೀಗೆ ಹೇಳುತ್ತೀಯಾ? ನನ್ನ ಮಗನಿಗೆ ದೊಡ್ಡ ಹೆಸರೇ ನೋಡು, ಕೋರ್ಸು ಯಾವುದಾದರೂ ನಡೆಯುತ್ತದೆ ಅಂದವನು ಯಾರು? ಎರಡನೇ ವರ್ಷ ಅರ್ಧಕ್ಕೆ ಬಿಟ್ಟು ಬಂದನಲ್ಲ, ಆಗ ನೀನು ಫೋನ್ ಕೂಡ ಮಾಡಲಿಲ್ಲ.

ಚಿಕ್ಕಪ್ಪ: ಅದು 14 ವರ್ಷದ ಹಿಂದಿನ ಮಾತು. ನಾನು ಎರಡು ಹೆಸರು ಹೇಳಿದ್ದೆ, ಆರಿಸಿಕೊಂಡದ್ದು ನೀವು.

ಅತ್ತೆ: ಎರಡು ಹೇಳಿದೆ, ಒಂದನ್ನು ಹತ್ತು ಸಲ ಹೇಳಿದೆ.

ಅಣ್ಣ: ಅಯ್ಯೋ ಬಿಡಿ ಇಬ್ಬರೂ. ನನಗೆ ಆ ಕಾಲ ನೆನಪಾಯಿತು. ನಾನು ಅರ್ಜಿ ಹಾಕಿದಾಗ ಎಲ್ಲ ಟಪಾಲಿನಲ್ಲೇ. ವಿವಿಗಳಿಗೆ ಕಾಗದ ಬರೆದು ಪುಸ್ತಿಕೆ ತರಿಸಿಕೊಳ್ಳುತ್ತಿದ್ದೆವು, ಆ ಹೊಳೆಯುವ ಕಾಗದದ ವಾಸನೆ ಈಗಲೂ ಮೂಗಿನಲ್ಲಿದೆ. ದಪ್ಪ ಲಕೋಟೆ ಬಂದರೆ ಸೀಟು, ತೆಳ್ಳಗಿದ್ದರೆ ಇಲ್ಲ. ಅಪ್ಪ ಬಾಗಿಲಲ್ಲೇ ಕೈಯಲ್ಲಿ ತೂಗಿ ನೋಡಿ ನನಗೆ ಕೊಡುತ್ತಿದ್ದರು. ಪುಸ್ತಿಕೆಯ ಮುಖಪುಟದಲ್ಲಿ ದೊಡ್ಡ ಮರದ ಕೆಳಗೆ ಮಕ್ಕಳು ಕೂತಿದ್ದ ಫೋಟೋ ನೋಡಿ ನಾನು ಆ ವಿವಿ ಆರಿಸಿದ್ದು. ನಿಜ ಹೇಳುತ್ತಿದ್ದೇನೆ. ಬೇರೆ ಯಾವ ಕಾರಣವೂ ಇರಲಿಲ್ಲ.

ದೊಡ್ಡಪ್ಪ: ಆ ತೆಳ್ಳನೆಯ ಲಕೋಟೆಗಳನ್ನು ನಾನು ಇನ್ನೂ ಇಟ್ಟಿದ್ದೇನೆ.

ಅಕ್ಕ: ನನ್ನ ಮಗಳ ವಿಷಯ ಎಲ್ಲಿಗೆ ಹೋಯಿತು? ದಯವಿಟ್ಟು ಯಾರಾದರೂ ಗೊತ್ತಿದ್ದವರು ಉತ್ತರ ಹೇಳಿ. ಆ ನೂರರ ಮಾತು ನಿಜವಾ?

ನಾನು: ಈಗಷ್ಟೇ ಕೆಲಸ ಮುಗಿಸಿ ಎಲ್ಲ ಓದಿದೆ. ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಅತ್ತೆ, ಆ ಸಂದೇಶ ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ. ಯಾರೋ ನಿಜವಾದ ನಿಯಮಗಳನ್ನು ಅರ್ಧ ಓದಿ ತಲೆಕೆಳಗು ಮಾಡಿದ್ದಾರೆ. ನೆದರ್ಲೆಂಡ್ಸಿನಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ. ಡಿಗ್ರಿ ಮುಗಿದು 3 ವರ್ಷದೊಳಗೆ ಅರ್ಜಿ ಹಾಕಬೇಕು. ಅಲ್ಲೇ ಓದಿದವರಿಗೆ ರ‍್ಯಾಂಕ್ ಕೇಳುವುದಿಲ್ಲ. ಬೇರೆ ದೇಶದಲ್ಲಿ ಓದಿ ಅಲ್ಲಿಗೆ ಕೆಲಸ ಹುಡುಕಿಕೊಂಡು ಬರುವವರಿಗೆ ಮಾತ್ರ ಅವರ ವಿವಿ ಮೊದಲ 200ರಲ್ಲಿ ಇರಬೇಕು ಅನ್ನುವ ಷರತ್ತು. ಬ್ರಿಟನ್ನಿನದೂ ಹಾಗೇ. 2022ರಲ್ಲಿ ಹೈ ಪೊಟೆನ್ಶಿಯಲ್ ಇಂಡಿವಿಜುವಲ್ ಅಂತ ಒಂದು ವೀಸಾ ತಂದರು. ಮೂರು ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಎರಡರಲ್ಲಾದರೂ ಮೊದಲ 50ರಲ್ಲಿ ಬರುವ ವಿವಿಗಳಲ್ಲಿ ಓದಿದವರಿಗೆ ಅಂತ ಶುರು ಮಾಡಿದ್ದು. ಅದೂ ಬ್ರಿಟನ್ನಿನ ಹೊರಗೆ ಓದಿದವರಿಗೆ. ಪುಟ್ಟಿ ಅಲ್ಲೇ ಓದಿದರೆ ಅವಳಿಗೆ ಬೇಕಾದದ್ದು ಓದು ಮುಗಿದ ಮೇಲೆ ಅಲ್ಲೇ ಉಳಿಯಲು ಕೊಡುವ ಗ್ರ್ಯಾಜುಯೇಟ್ ವೀಸಾ, ಅದಕ್ಕೆ ರ‍್ಯಾಂಕ್ ಲೆಕ್ಕವೇ ಇಲ್ಲ. ಅದು ಈವರೆಗೆ 2 ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ಮಕ್ಕಳಿಗೆ 18 ತಿಂಗಳು. ಹೆದರುವುದಿದ್ದರೆ ಆ ಆರು ತಿಂಗಳ ಬಗ್ಗೆ ಯೋಚಿಸಿ, ನೂರರ ಬಗ್ಗೆ ಅಲ್ಲ.

ಅಮೆರಿಕದಲ್ಲೂ ಅಷ್ಟೆ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸಕ್ಕೆ ಅವಕಾಶ, ವಿಜ್ಞಾನ ತಂತ್ರಜ್ಞಾನದ ಕೋರ್ಸಾದರೆ ಇನ್ನೂ 24 ತಿಂಗಳು. ಅದು ಕೋರ್ಸಿಗೆ ಕೊಟ್ಟಿರುವ ಕೋಡ್ ಮೇಲೆ ನಿಂತಿದೆ. ಒಂದೇ ಥರದ ಹೆಸರಿನ ಎರಡು ಕೋರ್ಸುಗಳಲ್ಲಿ ಒಂದಕ್ಕೆ ಆ ಕೋಡ್ ಇರಬಹುದು, ಇನ್ನೊಂದಕ್ಕೆ ಇಲ್ಲದಿರಬಹುದು. ಅರ್ಜಿ ಹಾಕುವಾಗ ಎಷ್ಟು ಜನ ಆ ಕೋಡ್ ನೋಡುತ್ತಾರೆ?

ಭಾವ: ಸರಿ, ವೀಸಾ ಭಯ ಹೋಯಿತು. ಆದರೂ ರ‍್ಯಾಂಕ್ ಕಡಿಮೆ ಅನ್ನುವುದು ನಿಜ ತಾನೇ?

ನಾನು: ಯಾವ ಪಟ್ಟಿಯಲ್ಲಿ ಭಾವ? ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿ ತೆಗೆಯಿರಿ. ಅಲ್ಲಿ ಅದೇ ವಾಗೆನಿಂಗೆನ್ ಹಲವು ವರ್ಷಗಳಿಂದ ನೂರರ ಒಳಗೇ ಇದೆ. ಕ್ಯೂಎಸ್‌ನಲ್ಲೇ ವಿಷಯವಾರು ಪಟ್ಟಿ ತೆಗೆದರೆ ಕೃಷಿ ಮತ್ತು ಅರಣ್ಯದಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ. ಪುಟ್ಟಿ ಓದಬೇಕು ಅಂದಿರುವುದು ಮಣ್ಣಿನ ವಿಜ್ಞಾನ ಅಲ್ವಾ?

ಕ್ಯೂಎಸ್ ಅಂಕ ಹೇಗೆ ಕೊಡುತ್ತದೆ ನೋಡಿ. 30 ಅಂಕ ಪ್ರೊಫೆಸರುಗಳ ಅಭಿಪ್ರಾಯಕ್ಕೆ, 15 ಅಂಕ ಕಂಪನಿಗಳ ಅಭಿಪ್ರಾಯಕ್ಕೆ. ನೂರರಲ್ಲಿ 45 ಅಂಕ, ಯಾರಿಗೆ ಯಾವ ಹೆಸರು ನೆನಪಿಗೆ ಬಂತು ಅನ್ನುವುದರ ಮೇಲೆ. ಹತ್ತು ವಿಷಯ ಕಲಿಸುವ ದೊಡ್ಡ ವಿವಿ ಹತ್ತು ವಿಷಯದವರಿಗೆ ನೆನಪಿರುತ್ತದೆ, ಮಣ್ಣು ನೀರು ಬೆಳೆ ಅಂತ ಒಂದೇ ಕಡೆ ಆಳಕ್ಕೆ ಇಳಿದ ವಿವಿ ಅಷ್ಟು ಜನಕ್ಕೆ ಗೊತ್ತಿರುವುದಿಲ್ಲ. ಶಾಂಘೈ ಪಟ್ಟಿಯಲ್ಲಂತೂ 30 ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕ ಪಡೆದ ಹಳೆಯ ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ. ಸೋಮವಾರ ಬೆಳಿಗ್ಗೆ ಪುಟ್ಟಿಗೆ ಪಾಠ ಮಾಡುವವರು ಯಾರು ಅನ್ನುವುದಕ್ಕೆ ಯಾವ ಪಟ್ಟಿಯಲ್ಲೂ ಅಂಕ ಇಲ್ಲ.

ಚಿಕ್ಕಪ್ಪ: ಇದನ್ನೇ ನಾನು ಹೇಳಿದ್ದು. ಮೂಲ ಬೇಕು, ಲೆಕ್ಕ ಬೇಕು. ಅಮೆರಿಕದ ಸರ್ಕಾರ ಕಾಲೇಜ್ ಸ್ಕೋರ್‌ಕಾರ್ಡ್ ಅಂತ ಇಟ್ಟಿದೆ, ಯಾವ ಕೋರ್ಸು ಓದಿದವರಿಗೆ ಎಷ್ಟು ಸಂಬಳ ಅಂತ ಅದರಲ್ಲಿದೆ. ಎಲ್ಲ ದೇಶಕ್ಕೂ ಅಂಥದ್ದು ಹುಡುಕಿ ನೋಡಿ.

ನಾನು: ಚಿಕ್ಕಪ್ಪ, ಅದರಲ್ಲಿ ಸಂಬಳದ ಲೆಕ್ಕ ಇರುವುದು ಅಲ್ಲಿನ ಸರ್ಕಾರದ ಸಹಾಯಧನ ಅಥವಾ ಸಾಲ ಪಡೆದ ಮಕ್ಕಳದ್ದು ಮಾತ್ರ. ಹೊರದೇಶದಿಂದ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಹೋದ ಮಕ್ಕಳಿಗೆ ಆ ಸಹಾಯ ಸಿಗುವುದೇ ಇಲ್ಲ, ಹಾಗಾಗಿ ಆ ಲೆಕ್ಕದಲ್ಲಿ ಅವರು ಇಲ್ಲ. ಹೊರಗಿನಿಂದ ಬಂದ ಹುಡುಗಿಗೆ ಕೆಲಸ ಸಿಕ್ಕಿತಾ, ವೀಸಾ ಬದಲಾಯಿಸಿ ಉಳಿಸಿಕೊಂಡರಾ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಚಿಕ್ಕಪ್ಪ: ಇದು ನನಗೆ ಗೊತ್ತಿರಲಿಲ್ಲ. ನೋಡುತ್ತೇನೆ.

ಅತ್ತೆ: ಹೊಳೆಯಿತಾ? ನೀನೂ ಪೂರ್ತಿ ಓದದೇ ಹೇಳುತ್ತೀಯ.

ಭಾವ: ನಮ್ಮ ಕನ್ಸಲ್ಟೆಂಟ್ ಕೂಡ ಬ್ರಿಟನ್ನಿಗೇ ಹೋಗಿ ಅನ್ನುತ್ತಿದ್ದಾರೆ. ಒಂದು ಪೈಸೆ ತೆಗೆದುಕೊಂಡಿಲ್ಲ ಪಾಪ, ಎಷ್ಟು ಸಲ ಫೋನ್ ಮಾಡಿದರೂ ಮಾತಾಡುತ್ತಾರೆ.

ನಾನು: ಭಾವ, ನಿಮ್ಮಿಂದ ತೆಗೆದುಕೊಂಡಿಲ್ಲ ಅಂದರೆ ಬೇರೆ ಯಾರೋ ಕೊಡುತ್ತಿದ್ದಾರೆ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಮೂರೂ ಕಡೆ ಇದು ಮಾಮೂಲು, ಮಗು ಸೇರಿದ ಮೇಲೆ ಶುಲ್ಕದ ಒಂದು ಪಾಲು ವಿವಿಯಿಂದ ಏಜೆಂಟರಿಗೆ ಕಮಿಷನ್ ಹೋಗುತ್ತದೆ. ತಪ್ಪು ಅನ್ನುತ್ತಿಲ್ಲ, ಒಳ್ಳೆಯ ಏಜೆಂಟರೂ ಇದ್ದಾರೆ. ಒಂದೇ ಪ್ರಶ್ನೆ ಕೇಳಿ, ಈ ಎರಡು ವಿವಿಗಳಲ್ಲಿ ನಿಮಗೆ ಯಾವುದರ ಜೊತೆ ಒಪ್ಪಂದ ಇದೆ ಅಂತ.

ನನ್ನ ಕಥೆ ನಿಮಗ್ಯಾರಿಗೂ ಪೂರ್ತಿ ಗೊತ್ತಿಲ್ಲ. ಮನೆಯಲ್ಲಿ ನೊಂದುಕೊಳ್ಳುತ್ತೀರಿ ಅಂತ ಹೇಳಿರಲಿಲ್ಲ. ನನಗೆ ಏಜೆಂಟ್ ಆರು ವಿವಿ ತೋರಿಸಿದರು. ಆರರಲ್ಲಿ ರ‍್ಯಾಂಕ್ ಮೇಲಿದ್ದದ್ದು ಯಾವುದೋ ಅದನ್ನು ಆರಿಸಿದೆ, ನೀವೆಲ್ಲ ಖುಷಿಪಟ್ಟಿರಿ. ಅಲ್ಲಿಗೆ ಹೋದ ಮೊದಲ ವಾರ ಗೊತ್ತಾಯಿತು, ನಾನು ಯಾರ ಹತ್ತಿರ ಕಲಿಯಬೇಕು ಅಂದುಕೊಂಡಿದ್ದೆನೋ ಆ ಪ್ರೊಫೆಸರ್ ಹಿಂದಿನ ವರ್ಷವೇ ಬೇರೆ ಕಡೆ ಹೋಗಿದ್ದರು. ಅವರ ಪೇಪರ್ ಆ ವರ್ಷ ನಡೆಯಲೇ ಇಲ್ಲ. ವೆಬ್‌ಸೈಟಿನಲ್ಲಿ ಮಾತ್ರ ಇತ್ತು. ಬೇಡದ ವಿಷಯದಲ್ಲಿ ಥೀಸಿಸ್ ಬರೆದೆ. ರಾತ್ರಿ ಲೈಬ್ರರಿಯಲ್ಲಿ ಕೂತು ಅತ್ತಿದ್ದೇನೆ, ಫೋನಿನಲ್ಲಿ ನಿಮಗೆ ಚೆನ್ನಾಗಿದೆ ಅಂದಿದ್ದೇನೆ. ಹೊರಡುವ ಮುಂಚೆ ವಿಭಾಗಕ್ಕೆ ಒಂದು ಮೇಲ್ ಕಳಿಸಿ, ಈ ಪೇಪರ್ ಈ ವರ್ಷ ಇದೆಯಾ, ಯಾರು ಕಲಿಸುತ್ತಾರೆ ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.

ಅಕ್ಕ: ಇದನ್ನು ಇಷ್ಟು ವರ್ಷ ನನಗೂ ಹೇಳಲಿಲ್ಲವಲ್ಲೇ.

ದೊಡ್ಡಪ್ಪ: ಹೇಳಬೇಕಿತ್ತು ಮಗಳೇ. ನಾವೇನು ಬೈಯುತ್ತಿದ್ದೆವಾ? ಆದರೆ ಈಗ ಹಿರಿಯರು ಏನು ಹೇಳಿದರೂ ತಪ್ಪು ಅನ್ನುವ ಹಾಗೆ ಆಗಿದೆ. ಇನ್ನು ಮೇಲೆ ನಾನು ಈ ವಿಷಯದಲ್ಲಿ ಮಾತಾಡುವುದಿಲ್ಲ.

ನಾನು: ದೊಡ್ಡಪ್ಪ, ಹಾಗಲ್ಲ. ನಿಮ್ಮ ಮಾತಿಗೆ ತೂಕ ಇದೆ, ಅದಕ್ಕೇ ಇಷ್ಟು ಬರೆಯುತ್ತಿರುವುದು. 2002ರಲ್ಲಿ ಆಸ್ಟ್ರೇಲಿಯಾದ ಮಜ್ಜರಾಲ್, ಸೂಟರ್ ಅನ್ನುವ ಇಬ್ಬರು ಸಂಶೋಧಕರು ಮಕ್ಕಳು ಹೊರದೇಶವನ್ನು ಹೇಗೆ ಆರಿಸುತ್ತಾರೆ ಅಂತ ಬರೆದ ಲೇಖನ ಈಗಲೂ ಎಲ್ಲರೂ ಎತ್ತಿ ಹೇಳುತ್ತಾರೆ. ಖರ್ಚು, ಹವೆ, ದೂರ, ಅಲ್ಲಿ ನಮ್ಮವರು ಇದ್ದಾರಾ ಅನ್ನುವುದರ ಜೊತೆಗೇ ಅಪ್ಪ ಅಮ್ಮ ನೆಂಟರ ಶಿಫಾರಸು ಕೂಡ ಅದರಲ್ಲಿ ಒಂದು ದೊಡ್ಡ ಕಾರಣ. ಅಂದರೆ ಇಲ್ಲಿ ನಾವು ಬರೆಯುವ ಒಂದೊಂದು ಸಾಲನ್ನೂ ಪುಟ್ಟಿ ಓದುತ್ತಿದ್ದಾಳೆ. ಬೆಳಿಗ್ಗೆಯಿಂದ ಅವಳನ್ನು ಒಂದು ಮಾತು ಕೇಳಿದವರು ಯಾರಿದ್ದೇವೆ? ನಾನೂ ಕೇಳಿಲ್ಲ.

ಅಣ್ಣ: ಪುಟ್ಟಿ, ಇದ್ದೀಯಾ?

ಪುಟ್ಟಿ: ಇದ್ದೇನೆ ಮಾವ. ಎಲ್ಲ ಓದಿದೆ.

ನಾನು ಎರಡೂ ಕೋರ್ಸುಗಳ ಪೇಪರ್ ಪಟ್ಟಿ ಪಕ್ಕ ಪಕ್ಕ ಇಟ್ಟು ನೋಡಿದೆ. ಬ್ರಿಟನ್ನಿನದು ಒಂದು ವರ್ಷ, ಎನ್ವಿರಾನ್ಮೆಂಟಲ್ ಮ್ಯಾನೇಜ್ಮೆಂಟ್. ಮಣ್ಣಿನ ಬಗ್ಗೆ ಒಂದೇ ಪೇಪರ್, ಅದೂ ಆಯ್ಕೆಯದು, ಸಾಕಷ್ಟು ಜನ ಸೇರಿದರೆ ಮಾತ್ರ ನಡೆಯುತ್ತದೆ ಅಂತ ಕೆಳಗೆ ಬರೆದಿದ್ದಾರೆ. ವಾಗೆನಿಂಗೆನ್‌ನದು ಎರಡು ವರ್ಷ, ಥೀಸಿಸ್, ಇಂಟರ್ನ್‌ಶಿಪ್ ಎರಡೂ ಇದೆ. ಆ ಊರಿನಲ್ಲೇ ವರ್ಲ್ಡ್ ಸಾಯಿಲ್ ಮ್ಯೂಸಿಯಂ ಇದೆ. ಜಗತ್ತಿನ ಬೇರೆ ಬೇರೆ ಕಡೆ ನೆಲವನ್ನು ಕತ್ತರಿಸಿ ತೆಗೆದ ಮಣ್ಣಿನ ಪದರಗಳನ್ನು ಹಾಗೇ ನಿಲ್ಲಿಸಿಟ್ಟಿದ್ದಾರೆ ಚಿಕ್ಕಮ್ಮ, ನಿಮಗೆ ತೋರಿಸಬೇಕು.

ಅಲ್ಲಿ ಈಗ ಓದುತ್ತಿರುವ ಮೂವರಿಗೆ ಬರೆದಿದ್ದೆ. ಒಬ್ಬರು ಉತ್ತರ ಕೊಟ್ಟರು. ಪಾಠ ತುಂಬಾ ಚೆನ್ನಾಗಿದೆ, ಆದರೆ ರೂಮ್ ಸಿಗುವುದು ಬಹಳ ಕಷ್ಟ, ನೆದರ್ಲೆಂಡ್ಸ್ ಪೂರ್ತಿ ಹಾಗೇ, ಸೀಟು ಖಾತ್ರಿಯಾದ ದಿನವೇ ರೂಮಿಗೆ ಹೆಸರು ಬರೆಸು ಅಂದರು. ಡಚ್ ಭಾಷೆ ಬರದೇ ಹೋದರೆ ಓದು ಮುಗಿದ ಮೇಲೆ ಕೆಲಸ ಹುಡುಕುವಾಗ ಬಾಗಿಲು ಕಡಿಮೆ, ಮೊದಲ ದಿನದಿಂದ ಕಲಿ ಅಂದರು. ಅದಕ್ಕೆ ನನಗೂ ಭಯ ಇದೆ.

ದೊಡ್ಡಜ್ಜ, ನೀವು ಮಾತಾಡುವುದು ನಿಲ್ಲಿಸಬೇಡಿ. ಯಾರಾದರೂ ಎಲ್ಲಿ ಓದಿದೆ ಅಂತ ಕೇಳಿದರೆ ನಾನು ವಿವರಿಸಿ ಹೇಳುತ್ತೇನೆ, ನನಗೆ ಅದು ಇಷ್ಟ.

ದೊಡ್ಡಪ್ಪ: ಆ ಊರಿನ ಹೆಸರು ಇನ್ನೊಂದು ಸಲ ಬಿಡಿಸಿ ಬರಿ ಮಗಳೇ. ನನಗೆ ಬಾಯಿಗೆ ಬರುತ್ತಿಲ್ಲ.

ಪುಟ್ಟಿ: ವಾ-ಗೆ-ನಿಂ-ಗೆನ್.

ಅತ್ತೆ: ಆ ಸಂದೇಶ ಅಳಿಸಿದೆ. ಬೇರೆ ಎರಡು ಗುಂಪಿಗೂ ಕಳಿಸಿದ್ದೆ, ಅಲ್ಲಿ ನಿನ್ನ ಚಿಕ್ಕಮ್ಮ ಬರೆದದ್ದನ್ನೇ ಹಾಕುತ್ತೇನೆ.

ಪುಟ್ಟಿ: ಅಪ್ಪ, ನೀವು ಇನ್ನೂ ಏನೂ ಹೇಳಿಲ್ಲ.

ಭಾವ: ರಾತ್ರಿ ಬರುತ್ತೇನೆ. ಆ ಎರಡು ಪೇಪರ್ ಪಟ್ಟಿ ತೆಗೆದಿಟ್ಟಿರು, ಕೂತು ಓದೋಣ. ನಾನು ಒಂದನ್ನೂ ತೆರೆದು ನೋಡಿಲ್ಲ.